ಸುತ್ತೋ ರೀತಿ ಬದಲಾದ್ರೆ ಗುಣಾನೇ ಬದಲು

ಕೋಳಿಗೂಡಿಗೆ ಬಡಿಯೋ ಚಿಕನ್ ಮೆಶ್ ನೋಡಿರ್ತೀರ, ಆರು ಮೂಲೆ ಕಣ್ಣಿಂದು. ಅದರದ್ದೊಂದು ತುಂಡು ತಗೊಂಡು ನೇರಕ್ಕೆ ಸುತ್ತಿ, ಕಣ್ಣುಗಳ ಸಾಲು ಬಳೆ ತರ ಬಂದು ಕೂಡ್ಕೊಳ್ಳುತ್ತೆ, ಸ್ವಲ್ಪ ಓರೆಯಾಗಿ ಸುತ್ತಿದ್ರೆ ಅದೇ ಸಾಲು ಬಳ್ಳಿ ಹಬ್ಬಿದ ಹಾಗೆ ಸುತ್ಕೊಂಡು ಮೇಲಕ್ಕೆ ಹೋಗುತ್ತೆ. ತಂತಿ ಮೆಶ್ಶಲ್ಲಿ ಇದ್ರಿಂದ ಕರೆಂಟ್ ವಿಷ್ಯದಲ್ಲಿ ಏನೂ ವ್ಯತ್ಯಾಸ ಇಲ್ಲ. ಆದ್ರೆ ಅದೇ ಮೆಶ್ ಬರೀ ಕಾರ್ಬನ್ ಪರಮಾಣುಗಳದ್ದಾಗಿ, ಕೊಳವೆ ಅಗಲ ಒಂದು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಆಸುಪಾಸಿಗೆ ಬಂದ್ರೆ, ಸುತ್ತಿದ ರೀತಿ ಮೇಲೆ ಅದು ಲೋಹವೋ (ಕರೆಂಟನ್ನ ಸರಾಗವಾಗಿ ಒಯ್ಯೋದು) ಸೆಮಿಕಂಡಕ್ಟರ್ರೋ (ಬೇಕಾದಾಗ ಒಯ್ಯೋ, ಬೇಡದಾಗ ತಡೆಯೋ ಹಾಗೆ ಮಾಡಬಹುದಾದ್ದು) ಅಂತ ತೀರ್ಮಾನ ಆಗ್ಬಿಡುತ್ತೆ! ಇದೇ ಕಾರ್ಬನ್ ನ್ಯಾನೋಟ್ಯೂಬ್. ನಂಗೆ ಇದಕ್ಕಿಂತ ಚೆಂದದ ವಿಷ್ಯ ಇಡೀ ಭೌತಶಾಸ್ತ್ರದಲ್ಲಿ ಕಮ್ಮಿ ಅನ್ಸುತ್ತೆ.

ಯಾಕೆ ಹಿಂಗೆ ಅಂದ್ರೆ, ಎಲೆಕ್ಟ್ರಾನ್ ಅಲೆ ತರ ನಡ್ಕೊಳ್ಳುತ್ತೆ, ಕೊಳವೆಗೆ ಒಂದು ಸುತ್ತು ಬಂದಾಗ ಆ ಅಲೆ ತನ್ನ ಬಾಲಕ್ಕೆ ತಾನೇ ಸರಿಯಾಗಿ ಕೂಡ್ಕೋಬೇಕು, ಕೂಡ್ಲಿಲ್ಲ ಅಂದ್ರೆ ಆ ಅಲೆಗೆ ಅಲ್ಲಿ ಜಾಗ ಇಲ್ಲ. ಕಾರ್ಬನ್ ಹಾಳೆಯಲ್ಲಿ ಅಡ್ಡಿ ಇಲ್ದೆ ಕರೆಂಟ್ ಒಯ್ಯೋ ಅಲೆಗಳು ಕೆಲವೇ ಕೆಲವು, ಅವು ಕೊಳವೆ ಸುತ್ತಳತೆಗೆ ಹೊಂದಿದ್ರೆ ಲೋಹ, ಹೊಂದದಿದ್ರೆ ಸೆಮಿಕಂಡಕ್ಟರ್. ಲೆಕ್ಕ ತುಂಬಾ ಸುಲಭ, ಪ್ರತಿ ಕೊಳವೆಗೂ ಅದನ್ನ ಹೇಗೆ ಸುತ್ತಿದೆ ಅಂತ ಹೇಳೋ ಎರಡು ಅಂಕಿ ಇರುತ್ತೆ, ಅವುಗಳ ವ್ಯತ್ಯಾಸ 3ರಿಂದ ಭಾಗ ಆದ್ರೆ ಲೋಹ (ತೀರಾ ಸಣ್ಣ ಕೊಳವೆಗಳ ಬಾಗು ಇದನ್ನ ಒಂಚೂರು ಕೆಡಿಸುತ್ತೆ, ಅದಿರ್ಲಿ). 10, 10 ಲೋಹ, ವ್ಯತ್ಯಾಸ ಸೊನ್ನೆ ಆದ್ರೂ ಅದು 3ರಿಂದ ಭಾಗ ಆಗುತ್ತೆ. 10, 9 ಸೆಮಿಕಂಡಕ್ಟರ್. ಒಂದರ ಅಗಲ 1.36 ನ್ಯಾನೋಮೀಟರ್, ಇನ್ನೊಂದರದ್ದು 1.29, ಅಷ್ಟೇ!

ಜಪಾನಿನ ಸುಮಿಯೊ ಇಜಿಮಾ ಇಂಥ ಕೊಳವೆಗಳನ್ನ ಪ್ರಪಂಚದ ಗಮನಕ್ಕೆ ತಂದಿದ್ದು 1991ರಲ್ಲಿ. ಮರುವರ್ಷವೇ ಥಿಯರಿಯವರು ಈ ಲೆಕ್ಕ ಹೇಳಿದ್ರು, 1998ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಮತ್ತೆ ಹಾರ್ವರ್ಡ್‌ನವರು ಒಂದೊಂದೇ ಕೊಳವೆ ಅಳೆದು ಹೌದು ಅಂತ ತೋರಿಸಿದ್ರು.

ಕಷ್ಟ ಇರೋದು ಬೆಳೆಸೋದ್ರಲ್ಲಿ. ಸಾಮಾನ್ಯವಾಗಿ ಬೆಳೆಸಿದ್ರೆ ಮೂರರಲ್ಲೊಂದು ಲೋಹವಾಗೇ ಹುಟ್ಟುತ್ತೆ, ಚಿಪ್ಪಲ್ಲಿ ಟ್ರಾನ್ಸಿಸ್ಟರ್ (ಕರೆಂಟನ್ನ ಆನ್, ಆಫ್ ಮಾಡೋ ಪುಟಾಣಿ ಸ್ವಿಚ್ಚು) ಮಾಡೋರಿಗೆ ಅದು ಅಕ್ಕಿಯಲ್ಲಿರೋ ಕಲ್ಲಿದ್ದಂಗೆ, ಯಾಕಂದ್ರೆ ಆ ಟ್ರಾನ್ಸಿಸ್ಟರ್ ಆಫ್ ಆಗೋದೇ ಇಲ್ಲ. 2019ರಲ್ಲಿ ಎಂಐಟಿಯವರು 14,000ಕ್ಕೂ ಹೆಚ್ಚು ನ್ಯಾನೋಟ್ಯೂಬ್ ಟ್ರಾನ್ಸಿಸ್ಟರ್ ಇರೋ 16 ಬಿಟ್ ಪ್ರೊಸೆಸರ್ ಮಾಡಿದಾಗ ಲೋಹದ ಕೊಳವೆ ಒಂದೂ ಇಲ್ಲದ ಪೂರ್ತಿ ಶುದ್ಧ ಮಾಲಿಗೆ ಕಾಯ್ಲಿಲ್ಲ, ಶೇಕಡ 99.99 ಶುದ್ಧ ಇದ್ರೂ ಸಾಕು ಅನ್ನೋ ಹಾಗೆ ಸರ್ಕ್ಯೂಟಿನ ಡಿಸೈನನ್ನೇ ಬದಲಾಯಿಸಿದ್ರು. ಕಲ್ಲು ಆರಿಸಿದಷ್ಟು ಆರಿಸಿ, ಉಳಿದಿದ್ದು ಹಲ್ಲಿಗೆ ಸಿಗದ ಹಾಗೆ ಅಡುಗೆ ಮಾಡಿದ್ರು ಅನ್ಕೊಳ್ಳಿ. ಆ ಪ್ರೊಸೆಸರ್ ಓಡಿಸಿದ ಪ್ರೋಗ್ರಾಮ್ ಜಗತ್ತಿಗೆ ಹಲೋ ಹೇಳಿ, ನಾನು ನ್ಯಾನೋಟ್ಯೂಬಿಂದ ಆಗಿರೋದು ಅಂತ ತನ್ನ ಪರಿಚಯ ಮಾಡ್ಕೊಳ್ತು.