ಸಂಜೆಯ ಮಿರ್ಚಿ ಮಂಡಕ್ಕಿಯೂ ಫಾಸ್ಟ್ ಫುಡ್ ಲೆಕ್ಕಾನಾ?

ಪ್ರಶ್ನೆ: ನಾವು ಪಿಜ್ಜಾ, ಬರ್ಗರ್ ತಿನ್ನೋ ಮಂದಿ ಅಲ್ರೀ. ಗಂಗಾವತಿಯಲ್ಲಿ ನನ್ನದೊಂದು ಅಂಗಡಿ ಇದೆ. ಸಂಜೆ ಆರಕ್ಕೆ ಒಂದು ಪ್ಲೇಟ್ ಒಗ್ಗರಣೆ, ನಾಲ್ಕು ಮಿರ್ಚಿ ಬೇಕೇ ಬೇಕು. ಮಗ ಗೋಬಿ, ಎಗ್ ರೈಸ್ ಅಂತ ಓಡ್ತಾನೆ. ಬೈದರೆ, "ನಿನ್ನ ಮಿರ್ಚಿ ಮತ್ತೇನಪ್ಪಾ, ಅದೂ ಫಾಸ್ಟ್ ಫುಡ್ಡೇ" ಅಂತಾನೆ. ಹೌದಾ? ದಿನಾ ತಿಂದರೆ ಏನಾಗುತ್ತೆ?

ಉತ್ತರ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಮಗ ಹೇಳಿದ್ದು ಅರ್ಧ ಸರಿ.

ಮೊದಲು ಒಗ್ಗರಣೆ ಬಗ್ಗೆ ಹೇಳಿಬಿಡುತ್ತೇನೆ. ಮಂಡಕ್ಕಿ, ನಿಮ್ಮ ಕಡೆ ಕೆಲವರು ಮಂಡಾಳು ಅನ್ನುತ್ತಾರಲ್ವಾ, ಅದು ಹುರಿದು ಉಬ್ಬಿಸಿದ ಅಕ್ಕಿ ಅಷ್ಟೇ. ಅದಕ್ಕೆ ಈರುಳ್ಳಿ, ಟೊಮೆಟೊ, ಪುಟಾಣಿ ಹಿಟ್ಟು, ಮೇಲೆ ನಿಂಬೆಹಣ್ಣು. ಹೊಟ್ಟೆಗೆ ಹಗುರ, ಎಣ್ಣೆ ಕಡಿಮೆ. ಇದರ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಇರುವುದು ಪಕ್ಕದಲ್ಲಿರುವ ಮಿರ್ಚಿಯ ಮೇಲೆ. ಅದಕ್ಕಿಂತ ಜಾಸ್ತಿ, ಅದನ್ನು ಕರಿದ ಎಣ್ಣೆಯ ಮೇಲೆ.

ಮುಂದಿನ ಸಲ ಬಂಡಿ ಹತ್ತಿರ ಹೋದಾಗ ಬಾಣಲೆಯನ್ನು ಸ್ವಲ್ಪ ಹೊತ್ತು ನೋಡಿ. ಹೊಸ ಎಣ್ಣೆಯಾದರೆ ತಳ ಕಾಣುತ್ತದೆ. ಮಿರ್ಚಿ ಬಿಟ್ಟ ಕೂಡಲೇ ದೊಡ್ಡ ಗುಳ್ಳೆ ಎದ್ದು, ಹಿಟ್ಟಿನ ನೀರು ಆರುತ್ತಿದ್ದಂತೆ ಅಡಗುತ್ತವೆ. ಹಳೆ ಎಣ್ಣೆ ಹಾಗಲ್ಲ. ಚಹಾ ಕಷಾಯದ ಬಣ್ಣ, ಅಂಚಿಗೆಲ್ಲ ಅಂಟಂಟು, ಮಿರ್ಚಿ ತೆಗೆದ ಮೇಲೂ ಸಣ್ಣ ನೊರೆ ನಿಂತೇ ಇರುತ್ತದೆ. ಸ್ವಲ್ಪ ಉರಿ ಜಾಸ್ತಿ ಆದರೆ ಹೊಗೆ. ನಿನ್ನೆಯ ಎಣ್ಣೆಗೆ ಇವತ್ತು ಒಂದಿಷ್ಟು ಹೊಸದು ಸುರಿದರೆ ಹಳೆಯದು ಹೊಸದಾಗುವುದಿಲ್ಲ, ಹೊಸದೂ ಬೇಗ ಕೆಡುತ್ತದೆ. ಶಾಖ, ಗಾಳಿ, ಹಿಟ್ಟಿನ ನೀರು ಮೂರೂ ಸೇರಿ ಎಣ್ಣೆಯನ್ನು ಒಡೆಯುತ್ತವೆ. ಆಗ ಹುಟ್ಟುವ ವಸ್ತುಗಳಿಗೆ ಪೋಲಾರ್ ಕಾಂಪೌಂಡ್ ಅನ್ನುತ್ತಾರೆ. ಇವು 25 ಶೇಕಡಾ ದಾಟಿದ ಎಣ್ಣೆಯಲ್ಲಿ ಕರಿಯಬಾರದು ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಬಂಡಿ ಮುಂದೆ ನಿಂತು ಅದನ್ನು ಅಳೆಯೋಕೆ ಆಗಲ್ಲ, ಆದರೆ ಕಣ್ಣು, ಮೂಗು ಸಾಕಷ್ಟು ಹೇಳುತ್ತವೆ.

ಇನ್ನೊಂದು, ಪೇಪರ್. ಬಿಸಿ ಮಿರ್ಚಿಯನ್ನು ಹಳೆ ದಿನಪತ್ರಿಕೆ ಮೇಲೆ ಇಟ್ಟು ಕೊಡುತ್ತಾರೆ. ಒಂದು ಸಲ ನನ್ನ ಮಿರ್ಚಿಯನ್ನು ತಿರುಗಿಸಿ ನೋಡಿದೆ, ಹೊಟ್ಟೆಯ ಮೇಲೆ ತಲೆಬರಹದ ಅಕ್ಷರ ಉಲ್ಟಾ ಮೂಡಿತ್ತು. ಆ ಶಾಯಿಯಲ್ಲಿ ಸೀಸದಂಥ ಲೋಹ ಇರಬಹುದು. ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು ನಿಷೇಧಿಸಿದೆ. ಬಾಳೆ ಎಲೆಯಲ್ಲೋ ಸ್ಟೀಲ್ ತಟ್ಟೆಯಲ್ಲೋ ಕೊಡಿ ಅಂತ ಕೇಳಿ. ಬಂಡಿ ಅಣ್ಣ ಬೇಜಾರು ಮಾಡಿಕೊಳ್ಳಲ್ಲ.

ಈಗ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ದಿನದ ಊಟದಲ್ಲಿ ಎಣ್ಣೆಗೆ ಇರುವ ಪಾಲು ಸುಮಾರು 27 ಗ್ರಾಂ. ಅಂದರೆ ಎರಡು ದೊಡ್ಡ ಚಮಚ. ನಿಮ್ಮ ನಾಲ್ಕು ಮಿರ್ಚಿ ಅಷ್ಟು ಎಣ್ಣೆ ಹೀರಿದ್ದರೆ, ಮನೆಯಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕುವ ಮುಂಚೆಯೇ ದಿನದ ಪಾಲು ಮುಗಿಯಿತು. ಎಣ್ಣೆಯಿಂದಲೇ ಸುಮಾರು 240 ಕ್ಯಾಲೊರಿ. ಖಾರ ಅಂತ ಮೇಲೆ ಒಂದು 250 ಎಂಎಲ್ ಕೋಲಾ ಕುಡಿದರೆ ಸುಮಾರು 26 ಗ್ರಾಂ ಸಕ್ಕರೆ. ಇಡೀ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾಯಚೂರಿನ ಬಿಸಿಲಲ್ಲಿ ತಣ್ಣಗೆ ಏನಾದರೂ ಬೇಕು ಅನಿಸುವುದು ನನಗೂ ಗೊತ್ತು. ಮಜ್ಜಿಗೆ ಇದೆಯಲ್ಲ.

ಆದರೆ ನನಗೆ ನಿಜವಾಗಿ ಸಂಕಟ ಆಗುವುದು ಬೇರೆ ವಿಷಯಕ್ಕೆ. ಆರಕ್ಕೆ ನಾಲ್ಕು ಮಿರ್ಚಿ ತಿಂದವರು ಒಂಬತ್ತಕ್ಕೆ ಮನೆಗೆ ಹೋಗಿ ಏನು ಹೇಳುತ್ತಾರೆ? "ಹಸಿವಿಲ್ಲ, ಸ್ವಲ್ಪ ಅನ್ನ ಸಾರು ಸಾಕು." ಜೋಳದ ರೊಟ್ಟಿ ಬುಟ್ಟಿಯಲ್ಲೇ ಉಳಿಯುತ್ತದೆ. ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲ ಉಳಿಯುತ್ತವೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಮೈದಾದಲ್ಲಿ ಮೂರು ಗ್ರಾಂ ಕೂಡ ಇಲ್ಲ. ಈ ನಾರು ಹೊಟ್ಟೆ ಕಟ್ಟದಂತೆ ನೋಡಿಕೊಳ್ಳುತ್ತದೆ, ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುವಂತೆ ಮಾಡುತ್ತದೆ. ಸಂಜೆಯ ತಿಂಡಿ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಜಾಸ್ತಿ.

ರೊಟ್ಟಿಯನ್ನು ಅಗಿಯಲೇಬೇಕು, ಖಡಕ್ ಆದರಂತೂ ಇನ್ನೂ ನಿಧಾನ. ಇದು ಸಣ್ಣ ಮಾತಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 20 ಜನರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಎಲ್ಲರನ್ನೂ ಅಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟರು. ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮನಾಗಿ ಇಟ್ಟರು. ಎಷ್ಟು ಬೇಕಾದರೂ ತಿನ್ನಿ ಅಂದರು. ಕಾರ್ಖಾನೆಯ ತಿನಿಸು ಸಿಕ್ಕಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗ ತಿಂದರು, ಎರಡೇ ವಾರದಲ್ಲಿ ಹತ್ತಿರ ಹತ್ತಿರ ಒಂದು ಕೆಜಿ ತೂಕ ಏರಿತು. ಸಾದಾ ಅಡುಗೆಯಲ್ಲಿ ಅಷ್ಟೇ ತೂಕ ಇಳಿಯಿತು.

ನಿಮ್ಮ ಮಿರ್ಚಿ ಕಾರ್ಖಾನೆಯ ತಿನಿಸಲ್ಲ, ಹಾಗಾಗಿ ನಿಮ್ಮ ಮಗನ ವಾದವನ್ನು ಪೂರ್ತಿ ಒಪ್ಪುವುದಿಲ್ಲ. ಅವನ ಗೋಬಿಯ ಕಥೆ ಇನ್ನೂ ಗಂಭೀರ. ಅಲ್ಲಿ ಮೈದಾ ಇದೆ, ಅದೇ ಕರಿದ ಎಣ್ಣೆ ಇದೆ, ಜೊತೆಗೆ ಸಾಸ್. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲೇ ಎರಡು ಗ್ರಾಂಗಿಂತ ಜಾಸ್ತಿ ಉಪ್ಪು ಇರುತ್ತದೆ. ದಿನಕ್ಕೆ 5 ಗ್ರಾಂ ದಾಟಬಾರದು. ಇನ್ನು ಆ ಕೆಂಪು ಬಣ್ಣ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ತಟ್ಟೆಯಲ್ಲಿ ಕುಂಕುಮದಂತೆ ಹೊಳೆಯುವ ಗೋಬಿ ಬಂದರೆ ಅದನ್ನು ಮುಟ್ಟದೆ ಎದ್ದು ಬರಲಿ.

ದಿನಾ ತಿಂದರೆ ಏನಾಗುತ್ತೆ ಅಂತ ಕೇಳಿದಿರಿ. ಬೇಗ ಗೊತ್ತಾಗುವುದು ಎದೆ ಉರಿ, ಹುಳಿ ತೇಗು. ಎಣ್ಣೆ ಪದಾರ್ಥ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ಕೂರುತ್ತದೆ. ಉಳಿದದ್ದೆಲ್ಲ ಸದ್ದಿಲ್ಲದೆ ಬರುತ್ತದೆ. ಉಪ್ಪಿನಿಂದ ಬಿಪಿ ಏರುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚುತ್ತದೆ, ಸಕ್ಕರೆ ಕಾಯಿಲೆ ಹತ್ತಿರ ಬರುತ್ತದೆ. ಕುಡಿತದ ಚಟ ಇಲ್ಲದವರಿಗೂ ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ. "ನಾನು ತೆಳ್ಳಗಿದ್ದೀನಿ" ಅನ್ನುವುದು ಇದಕ್ಕೆ ಉತ್ತರ ಅಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ನಮ್ಮಲ್ಲಿ ಬಹಳ. ಟೈಲರ್ ಟೇಪು ತಗೊಂಡು ಸೊಂಟ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು.

ಮಿರ್ಚಿ ಬಿಟ್ಟೇಬಿಡಿ ಅಂತ ನಾನು ಹೇಳಲ್ಲ. ಅಂಗಡಿ ಮುಂದೆ ನಾಲ್ಕು ಜನ ಸೇರಿ ತಿನ್ನುವ ಖುಷಿಯನ್ನು ಕಿತ್ತುಕೊಳ್ಳುವ ಆಸೆಯೂ ಇಲ್ಲ. ಒಗ್ಗರಣೆ ಇರಲಿ, ಅದರ ಮೇಲೆ ಹಸಿ ಈರುಳ್ಳಿ, ಸೌತೆಕಾಯಿ, ಹುರಿದ ಶೇಂಗಾ ಜಾಸ್ತಿ ಹಾಕಿಸಿಕೊಳ್ಳಿ. ಮಿರ್ಚಿ ವಾರಕ್ಕೆ ಒಂದು ಅಥವಾ ಎರಡು ದಿನ, ಆವತ್ತೂ ಎರಡೇ. ಸಂಜೆ ಬಾಣಲೆ ಇಟ್ಟ ಹೊಸದರಲ್ಲೇ ಹೋಗಿ. ತಿಂದ ದಿನವೂ ರಾತ್ರಿ ಒಂದು ರೊಟ್ಟಿ, ಪಲ್ಯ ತಪ್ಪಿಸಬೇಡಿ. ಮಗನಿಗೆ ಬೈಯುವ ಬದಲು ಮನೆಯಲ್ಲೇ ಮೊಟ್ಟೆ, ತರಕಾರಿ ಜಾಸ್ತಿ ಹಾಕಿ ಎಗ್ ರೈಸ್ ಮಾಡಿಸಿ, ಇಬ್ಬರೂ ಕೂತು ತಿನ್ನಿ.

30 ದಾಟಿದವರಿಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪರೀಕ್ಷೆಗೆ ದುಡ್ಡಿಲ್ಲ. ಈ ವಾರವೇ ಒಂದು ಬೆಳಗ್ಗೆ ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆದು ಹೋಗಿ ಬನ್ನಿ.