ಎಂಟನೇ ಇನ್ನಿಂಗ್ಸ್‌ಗೆ ಸಿಕ್ಕಿಬಿದ್ದ ಹುಡುಗರು

ಅಮೆರಿಕದ ಬೇಸ್‌ಬಾಲ್‌ನಲ್ಲಿ ಜುಲೈ ಮುಗಿದು ಆಗಸ್ಟ್ ಬಂತು ಅಂದರೆ ಈ ಸುದ್ದಿ ಎಲ್ಲಾದರೂ ಒಂದು ಕಡೆ ಬಂದೇ ಬರುತ್ತದೆ. ಮೈನರ್ ಲೀಗ್‌ನಲ್ಲಿ, ಅಂದರೆ ಕೆಳಹಂತದ ತಂಡಗಳಲ್ಲಿ, ಸ್ಟಾರ್ಟರ್ ಆಗಿ ಬೆಳೆಯುತ್ತಿದ್ದ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ಪಿಚರ್‌ನನ್ನು ದೊಡ್ಡ ತಂಡಕ್ಕೆ ಕರೆಸಿಕೊಂಡಿದ್ದಾರೆ, ಆದರೆ ಬುಲ್‌ಪೆನ್‌ಗೆ. ಇದು ಈ ಸೀಸನ್‌ಗೆ ಮಾತ್ರ, ಮುಂದಿನ ವರ್ಷ ಮತ್ತೆ ಸ್ಟಾರ್ಟರ್ ಅಂತ ಕ್ಲಬ್‌ನವರು ಹೇಳುತ್ತಾರೆ. ಪೂರ್ತಿ ನಂಬಬೇಡಿ.

ಆಟ ಅಷ್ಟಾಗಿ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಚೆಂಡು ಎಸೆಯುವವನು ಪಿಚರ್. ಸ್ಟಾರ್ಟರ್ ಅಂದರೆ ಪಂದ್ಯ ಶುರು ಮಾಡುವ ಪಿಚರ್. ಐದಾರು ಇನ್ನಿಂಗ್ಸ್ ಎಸೆಯುತ್ತಾನೆ, ಆಮೇಲೆ ನಾಲ್ಕೈದು ದಿನ ವಿಶ್ರಾಂತಿ. ಅವನು ಸುಸ್ತಾದಾಗ ಅಥವಾ ಏಟು ತಿನ್ನತೊಡಗಿದಾಗ ಬರುವವರು ರಿಲೀವರ್‌ಗಳು. ಅವರು ಕೂತು ಕಾಯುವ, ತೋಳು ಬಿಸಿ ಮಾಡಿಕೊಳ್ಳುವ ಜಾಗವೇ ಬುಲ್‌ಪೆನ್. ಒಂದು ಇನ್ನಿಂಗ್ಸ್, ಹೆಚ್ಚೆಂದರೆ ಎರಡು, ಅಷ್ಟಕ್ಕೆ ಮುಗಿಯಿತು. ಗೆಲ್ಲುತ್ತಿರುವ ಪಂದ್ಯದ ಕೊನೆಯ ಇನ್ನಿಂಗ್ಸ್ ಹಾಕುವವನು ಕ್ಲೋಸರ್.

ಕ್ರಿಕೆಟ್ ನೋಡುವವರಿಗೆ ಹೀಗೆ ಹೇಳಬಹುದು. ಬುಮ್ರಾ ಭಾರತಕ್ಕೆ ಆಡತೊಡಗಿದ್ದು 2016ರ ಜನವರಿಯಲ್ಲಿ, ಒನ್‌ಡೇ ಮತ್ತು ಟಿ20ಯಲ್ಲಿ. ಟೆಸ್ಟ್ ಆಡಿದ್ದು 2018ರ ಜನವರಿಯಲ್ಲಿ. ಕೊನೆಯ ಓವರುಗಳನ್ನು ಇಷ್ಟು ಚೆನ್ನಾಗಿ ಹಾಕುತ್ತಾನಲ್ಲ, ಅಲ್ಲೇ ಇರಲಿ ಬಿಡಿ ಅಂತ ನಡುವೆ ಯಾರಾದರೂ ತೀರ್ಮಾನಿಸಿಬಿಟ್ಟಿದ್ದರೆ? ಬೇಸ್‌ಬಾಲ್‌ನಲ್ಲಿ ಆ ತೀರ್ಮಾನ ಪದೇ ಪದೇ ಆಗಿದೆ.

ಯಾಕೆ ಆಗುತ್ತದೆ ಅನ್ನುವುದೂ ಅರ್ಥವಾಗುವಂಥದ್ದೇ. ಒಂದೇ ಇನ್ನಿಂಗ್ಸ್ ಎಸೆಯಬೇಕು ಅಂದರೆ ಶಕ್ತಿ ಉಳಿಸಿಕೊಳ್ಳುವ ಚಿಂತೆ ಇಲ್ಲ, ಹಾಗಾಗಿ ಅದೇ ಹುಡುಗ ಗಂಟೆಗೆ ಎರಡು ಮೂರು ಮೈಲಿ ಜಾಸ್ತಿ ವೇಗದಲ್ಲಿ ಎಸೆಯುತ್ತಾನೆ. ಎರಡು ಬಗೆಯ ಎಸೆತ ಇದ್ದರೂ ಸಾಕು. ಸ್ಟಾರ್ಟರ್‌ಗೆ ಹಾಗಲ್ಲ. ಅದೇ ಬ್ಯಾಟರ್ ಅದೇ ದಿನ ಮೂರನೇ ಸಲ ಎದುರು ಬಂದು ನಿಲ್ಲುವ ಹೊತ್ತಿಗೆ ಇವನ ಚೀಲದಲ್ಲಿ ಏನೇನಿದೆ ಅಂತ ಅವನಿಗೆ ಗೊತ್ತಾಗಿರುತ್ತದೆ. ಮೂರನೆಯದೊಂದು ಎಸೆತ, ಸಾಮಾನ್ಯವಾಗಿ ಚೇಂಜ್‌ಅಪ್ ಅನ್ನುವ ನಿಧಾನದ ಎಸೆತ, ಬೇಕೇ ಬೇಕು. ಅದನ್ನು ಕಲಿಯಲು ನೂರಾರು ಇನ್ನಿಂಗ್ಸ್ ಹಿಡಿಯುತ್ತದೆ. ಬುಲ್‌ಪೆನ್‌ನಲ್ಲಿ ಕೂತವನಿಗೆ ಆ ಅವಕಾಶವೇ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಗೊಂದಲದ ಬೇರು ಇಲ್ಲಿದೆ.

ಹಿಂದೆ ಬುಲ್‌ಪೆನ್ ಅಂದರೆ ಮರ್ಯಾದೆ ಇರಲಿಲ್ಲ. ಸ್ಟಾರ್ಟರ್ ಆಗಲು ಆಗದವರು, ವಯಸ್ಸಾದವರು ಅಲ್ಲಿರುತ್ತಿದ್ದರು. ಬಾಲ್ಟಿಮೋರ್ ಓರಿಯೋಲ್ಸ್ ಮ್ಯಾನೇಜರ್ ಅರ್ಲ್ ವೀವರ್ ಅದನ್ನು ಬೇರೆ ರೀತಿ ನೋಡಿದರು. ಹೊಸ ಹುಡುಗನನ್ನು ಮೊದಲು ಲಾಂಗ್ ರಿಲೀಫ್‌ಗೆ ಹಾಕುವುದು, ಅಂದರೆ ಪಂದ್ಯದ ಮಧ್ಯೆ ಎರಡು ಮೂರು ಇನ್ನಿಂಗ್ಸ್ ಎಸೆಸಿ, ದೊಡ್ಡ ಬ್ಯಾಟರ್‌ಗಳ ಪರಿಚಯ ಮಾಡಿಸಿ, ಆಮೇಲೆ ಸ್ಟಾರ್ಟರ್ ಮಾಡುವುದು ಅವರ ಪದ್ಧತಿ. ನಿಕರಾಗುವಾದ ಡೆನಿಸ್ ಮಾರ್ಟಿನೆಜ್ 1977ರಲ್ಲಿ 42 ಪಂದ್ಯ ಆಡಿದ, ಅದರಲ್ಲಿ ಸ್ಟಾರ್ಟ್ 13 ಮಾತ್ರ. ಮುಂದೆ ಅವನೇ 245 ಗೆಲುವು ಕಂಡ, 1991ರಲ್ಲಿ ಪರ್ಫೆಕ್ಟ್ ಗೇಮ್ ಎಸೆದ, ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಯ ಒಬ್ಬನೂ ಬೇಸ್ ಮುಟ್ಟಲಿಲ್ಲ. ಗಮನಿಸಿ, ಅವನು ಎಸೆಯುತ್ತಿದ್ದದ್ದು ಎರಡು ಮೂರು ಇನ್ನಿಂಗ್ಸ್, ಒಂದಲ್ಲ.

ಅದೇ ಕಾಲದಲ್ಲಿ ಉಲ್ಟಾ ಕಥೆಯೂ ಇದೆ. ಶಿಕಾಗೊ ವೈಟ್ ಸಾಕ್ಸ್‌ನ ಗೂಸ್ ಗಾಸೆಜ್ 1975ರಲ್ಲಿ ಅಮೆರಿಕನ್ ಲೀಗ್‌ನಲ್ಲೇ ಅತಿ ಹೆಚ್ಚು, 26 ಸೇವ್ ಮಾಡಿದ್ದ. ಸೇವ್ ಅಂದರೆ ಸ್ವಲ್ಪ ಅಂತರದಲ್ಲಿ ಗೆಲ್ಲುತ್ತಿರುವ ಪಂದ್ಯವನ್ನು ಕೈ ಬಿಡದೆ ಮುಗಿಸಿಕೊಟ್ಟ ರಿಲೀವರ್ ಹೆಸರಿಗೆ ಸೇರುವ ಅಂಕಿ. ಮರುವರ್ಷ ಹೊಸ ಮ್ಯಾನೇಜರ್ ಬಂದು ಅವನನ್ನು ಸ್ಟಾರ್ಟರ್ ಮಾಡಿದರು. 9 ಗೆಲುವು, 17 ಸೋಲು. 1977ರಲ್ಲಿ ಪಿಟ್ಸ್‌ಬರ್ಗ್‌ಗೆ ಹೋಗಿ ಮತ್ತೆ ಬುಲ್‌ಪೆನ್ ಸೇರಿದ, 133 ಇನ್ನಿಂಗ್ಸ್‌ನಲ್ಲಿ 151 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಮೂರು ಸ್ಟ್ರೈಕ್‌ಗೆ ಔಟ್ ಮಾಡಿದ. ಆಗ ರಿಲೀವರ್ ಒಂದು ಸೀಸನ್‌ಗೆ 133 ಇನ್ನಿಂಗ್ಸ್ ಎಸೆಯುತ್ತಿದ್ದ! ಇವತ್ತು ಅದರ ಅರ್ಧ ಎಸೆದರೆ ಭಾರೀ ದುಡಿಮೆ ಅನ್ನುತ್ತಾರೆ.

ಹಾಗೆ ಆಗಿದ್ದು ಹೇಗೆ? ಸೇವ್ ಅನ್ನುವ ಅಂಕಿ 1969ರಲ್ಲಿ ಅಧಿಕೃತ ಲೆಕ್ಕಕ್ಕೆ ಸೇರಿತು. ಆಮೇಲೆ 1987ರಲ್ಲಿ ಓಕ್ಲೆಂಡ್‌ಗೆ ಡೆನಿಸ್ ಎಕರ್ಸ್ಲಿ ಬಂದ. ಒಂದು ಕಾಲಕ್ಕೆ 20 ಪಂದ್ಯ ಗೆದ್ದಿದ್ದ ಸ್ಟಾರ್ಟರ್, ಆಗ ಮೂವತ್ತು ದಾಟಿತ್ತು. ಮ್ಯಾನೇಜರ್ ಟೋನಿ ಲಾ ರೂಸಾ ಅವನನ್ನು ಕ್ಲೋಸರ್ ಮಾಡಿ, ಹೆಚ್ಚಾಗಿ ಒಂಬತ್ತನೇ ಇನ್ನಿಂಗ್ಸ್‌ಗೆ ಮಾತ್ರ ಇಳಿಸತೊಡಗಿದರು. 1988ರಲ್ಲಿ 45 ಸೇವ್, 1992ರಲ್ಲಿ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್, ಅತಿ ಮೌಲ್ಯಯುತ ಆಟಗಾರನಿಗೆ ಕೊಡುವ ಎಂವಿಪಿ ಎರಡೂ ಪ್ರಶಸ್ತಿ. ಉಳಿದ ತಂಡಗಳು ಸುಮ್ನೆ ಕೂರುತ್ತವಾ? ಒಂಬತ್ತನೆಯದಕ್ಕೆ ಒಬ್ಬ, ಎಂಟನೆಯದಕ್ಕೆ ಒಬ್ಬ, ಏಳನೆಯದಕ್ಕೂ ಒಬ್ಬ ಅನ್ನುವ ಹಂಚಿಕೆ ಎಲ್ಲ ಕಡೆ ಬಂತು.

ಈ ಹೊಸ ಹಂಚಿಕೆಗೆ ಸಿಕ್ಕ ಅತಿ ದೊಡ್ಡ ಹೆಸರು ಮರಿಯಾನೊ ರಿವೇರಾ. 1995ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಹತ್ತು ಪಂದ್ಯ ಸ್ಟಾರ್ಟ್ ಮಾಡಿದ್ದ, ಆ ವರ್ಷದ ಇಆರ್‌ಎ 5.51. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಐದೂವರೆ ರನ್ ಬಿಟ್ಟುಕೊಟ್ಟ ಅಂತ ಅರ್ಥ, ಕಳಪೆಯೇ. 1996ರಲ್ಲಿ ಪೂರ್ತಿ ಬುಲ್‌ಪೆನ್, ಇಆರ್‌ಎ 2.09. ಮುಂದೆ 652 ಸೇವ್‌ಗಳ ದಾಖಲೆ, 2019ರಲ್ಲಿ ಒಂದು ಮತವೂ ತಪ್ಪದೆ ಹಾಲ್ ಆಫ್ ಫೇಮ್. ಇಂಥದ್ದು ಒಂದು ಕಣ್ಣೆದುರು ಇದ್ದರೆ ಯಾವ ಕ್ಲಬ್‌ಗೂ ಆಸೆ ಹುಟ್ಟುತ್ತದೆ, ಅಲ್ವಾ? ರಿವೇರಾ ಸ್ಟಾರ್ಟರ್ ಆಗಿ ಸೋತು ಹೋದವನು ಅನ್ನುವುದನ್ನು ಮಾತ್ರ ಮರೆತುಬಿಡುತ್ತಾರೆ. ಸ್ಟಾರ್ಟರ್ ಆಗಿ ಇನ್ನೂ ಸೋಲದವನನ್ನು ಕಳಿಸುವುದು ಬೇರೆ ವಿಷಯ.

ಜೋಬ ಚೇಂಬರ್ಲೇನ್ ಸೋಲದವನಾಗಿದ್ದ.

ನೆಬ್ರಾಸ್ಕಾದ ಲಿಂಕನ್ ಊರಿನ ಹುಡುಗ. 2006ರಲ್ಲಿ ಯಾಂಕೀಸ್ ಆರಿಸಿಕೊಂಡಿತು. 2007ರಲ್ಲಿ ಮೈನರ್ ಲೀಗ್‌ನ ಮೂರು ಮೆಟ್ಟಿಲನ್ನು ಒಂದೇ ಬೇಸಿಗೆಯಲ್ಲಿ ಹತ್ತಿದ, ಅದೂ ಸ್ಟಾರ್ಟರ್ ಆಗಿ. ದೊಡ್ಡ ತಂಡದಲ್ಲಿ ಸ್ಟಾರ್ಟರ್‌ಗೂ ರಿವೇರಾಗೂ ನಡುವೆ ಎಂಟನೇ ಇನ್ನಿಂಗ್ಸ್ ಸೋರುತ್ತಿತ್ತು. ಪ್ಲೇಆಫ್ ಕೈ ತಪ್ಪುವ ಭಯ. ಜುಲೈ ಕೊನೆಗೆ ಅವನನ್ನು ರಿಲೀವರ್ ಮಾಡಿ ಆಗಸ್ಟ್ 7ರಂದು ಟೊರಾಂಟೊದಲ್ಲಿ ಇಳಿಸಿದರು. ಆ ಸೀಸನ್‌ನ ಅಂಕಿ ಓದಿದರೆ ಈಗಲೂ ನಗು ಬರುತ್ತದೆ: 19 ಪಂದ್ಯ, 24 ಇನ್ನಿಂಗ್ಸ್, 34 ಸ್ಟ್ರೈಕ್‌ಔಟ್, ಇಆರ್‌ಎ 0.38. ಜೊತೆಗೆ 'ಜೋಬ ರೂಲ್ಸ್'. ಒಂದು ಇನ್ನಿಂಗ್ಸ್ ಎಸೆದರೆ ಮರುದಿನ ರಜೆ, ಎರಡು ಎಸೆದರೆ ಎರಡು ದಿನ ರಜೆ. ಅಭಿಮಾನಿಗಳು ಅದನ್ನೇ ಟೀಶರ್ಟ್ ಮೇಲೆ ಹಾಕಿಸಿಕೊಂಡು ತಿರುಗಿದರು. ಅಕ್ಟೋಬರ್ 5ರಂದು ಕ್ಲೀವ್‌ಲ್ಯಾಂಡ್‌ನ ಪ್ಲೇಆಫ್ ಪಂದ್ಯದಲ್ಲಿ ಎರಿ ಸರೋವರದ ಕಡೆಯಿಂದ ನುಸಿಗಳ ಹಿಂಡು ಮೈದಾನಕ್ಕೆ ನುಗ್ಗಿ ಅವನ ಕತ್ತು, ಮುಖವೆಲ್ಲ ಮುತ್ತಿಕೊಂಡಿತು. ನುಸಿ ಓಡಿಸುವ ಸ್ಪ್ರೇ ಹೊಡೆದರೂ ಪ್ರಯೋಜನ ಆಗಲಿಲ್ಲ. ಎರಡು ಎಸೆತ ಕ್ಯಾಚರ್ ಕೈ ತಪ್ಪಿ ಹೋದವು, 1–0 ಇದ್ದದ್ದು ಸಮವಾಯಿತು, 11ನೇ ಇನ್ನಿಂಗ್ಸ್‌ನಲ್ಲಿ ಸೋತರು.

ನುಸಿಯ ಕಥೆ ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಮುಂದಿನದು. 2008ರಲ್ಲಿ ಮತ್ತೆ ಬುಲ್‌ಪೆನ್‌ನಲ್ಲೇ ಶುರು. ಏಪ್ರಿಲ್‌ನಲ್ಲಿ ಮಾಲೀಕರ ಮನೆಯ ಹ್ಯಾಂಕ್ ಸ್ಟೈನ್‌ಬ್ರೆನರ್, ಇವನು ಸ್ಟಾರ್ಟರ್ ಆಗಬೇಕು ಅಂತ ಬಹಿರಂಗವಾಗಿಯೇ ಸಿಡುಕಿದರು. ಜೂನ್ 3ರಂದು ಸ್ಟಾರ್ಟರ್ ಮಾಡಿದರು, ಮೊದಲ ದಿನ ಮೂರನೇ ಇನ್ನಿಂಗ್ಸ್ ಕೂಡ ಮುಗಿಸಲಿಲ್ಲ. ಆದರೆ ಆ ವರ್ಷದ 12 ಸ್ಟಾರ್ಟ್‌ಗಳ ಇಆರ್‌ಎ 2.76. ಅಂದರೆ ಚೆನ್ನಾಗಿಯೇ ಎಸೆಯುತ್ತಿದ್ದ! ಆಗಸ್ಟ್‌ನಲ್ಲಿ ಟೆಕ್ಸಸ್‌ನಲ್ಲಿ ಭುಜ ನೋವು. 2009ರಲ್ಲಿ 31 ಸ್ಟಾರ್ಟ್, ಇಆರ್‌ಎ 4.75. ಸೀಸನ್ ಕೊನೆಗೆ ಇನ್ನಿಂಗ್ಸ್ ಮಿತಿ ಅಂತ ಮೂರು ಇನ್ನಿಂಗ್ಸ್ ಆದ ಕೂಡಲೇ ಕೆಳಗಿಳಿಸುತ್ತಿದ್ದರು. ಅಕ್ಟೋಬರ್ ಬಂತು, ಮತ್ತೆ ಬುಲ್‌ಪೆನ್. ಯಾಂಕೀಸ್ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಫೈನಲ್, ಗೆದ್ದಿತು, ಆದ್ದರಿಂದ ಯಾರೂ ಪ್ರಶ್ನೆ ಕೇಳಲಿಲ್ಲ. 2007ರಲ್ಲಿ ಸರಾಸರಿ 97 ಮೈಲಿಯ ಹತ್ತಿರ ಇದ್ದ ಅವನ ಫಾಸ್ಟ್‌ಬಾಲ್ ಆ ಹೊತ್ತಿಗೆ 92–93ಕ್ಕೆ ಇಳಿದಿತ್ತು.

2010ರಲ್ಲಿ ಐದನೇ ಸ್ಟಾರ್ಟರ್ ಜಾಗ ಫಿಲ್ ಹ್ಯೂಸ್‌ಗೆ ಹೋಯಿತು. ಹ್ಯೂಸ್ ಕೂಡ ಹಿಂದಿನ ವರ್ಷ ಎಂಟನೇ ಇನ್ನಿಂಗ್ಸ್ ಹಾಕುತ್ತಿದ್ದವನೇ, ಅವನು ಆ ಸಲ 18 ಪಂದ್ಯ ಗೆದ್ದ. ಜೋಬ ಬುಲ್‌ಪೆನ್‌ಗೆ, ಈ ಸಲ ಕಾಯಂ. 2011ರಲ್ಲಿ ಮೊಣಕೈಗೆ ಟಾಮಿ ಜಾನ್ ಸರ್ಜರಿ, ಅಂದರೆ ಹರಿದ ಲಿಗಮೆಂಟ್ ಬದಲಿಸುವ ಶಸ್ತ್ರಚಿಕಿತ್ಸೆ, 2012ರಲ್ಲಿ ಟ್ರ್ಯಾಂಪೊಲೀನ್ ಮೇಲೆ ಆಡುವಾಗ ಪಾದದ ಕೀಲಿಗೆ ಪೆಟ್ಟು. ಡೆಟ್ರಾಯ್ಟ್, ಕ್ಯಾನ್ಸಸ್ ಸಿಟಿ, ಕ್ಲೀವ್‌ಲ್ಯಾಂಡ್ ಸುತ್ತಿ 2016ಕ್ಕೆ ಮೇಜರ್ ಲೀಗ್ ಮುಗಿಯಿತು.

ಆ ಕಡೆ ಈ ಕಡೆ ಎಳೆದಾಡಿದ್ದರಿಂದಲೇ ತೋಳು ಕೆಟ್ಟಿತು ಅಂತ ಯಾರೂ ಸಾಬೀತು ಮಾಡಲಾರರು. ಪಿಚರ್‌ಗಳ ತೋಳು ಸುಮ್ಮನಿದ್ದರೂ ಕೆಡುತ್ತದೆ. ನಾನು ಹೇಳುವುದು ಇಷ್ಟೇ, ಮೂರು ವರ್ಷದಲ್ಲಿ ಒಂದು ತೀರ್ಮಾನವೂ ಅವನನ್ನು ನೋಡಿ ಆಗಲಿಲ್ಲ. ತಂಡದ ಆ ತಿಂಗಳ ಗಾಯ ಎಲ್ಲಿದೆ ಅಂತ ನೋಡಿ ಅಲ್ಲಿಗೆ ಅವನನ್ನು ಪಟ್ಟಿ ಕಟ್ಟಿದರು.

ಸಿನ್ಸಿನಾಟಿಯ ಅರೋಲ್ಡಿಸ್ ಚ್ಯಾಪ್‌ಮನ್ ವಿಷಯದಲ್ಲೂ ಹಾಗೇ. 2010ರಲ್ಲಿ 105 ಮೈಲಿ, ಅಂದರೆ ಗಂಟೆಗೆ 169 ಕಿಮೀ ವೇಗದಲ್ಲಿ ಎಸೆದ ಕ್ಯೂಬಾದ ಎಡಗೈ ಹುಡುಗ. 2012ರ ಮಾರ್ಚ್‌ನಲ್ಲಿ ಸ್ಟಾರ್ಟರ್ ಆಗಲು ತಯಾರಾಗುತ್ತಿದ್ದ. ಅಷ್ಟರಲ್ಲಿ ಕ್ಲೋಸರ್ ರಯನ್ ಮ್ಯಾಡ್ಸನ್ ಮೊಣಕೈ ಹೋಯಿತು, ಚ್ಯಾಪ್‌ಮನ್ ವಾಪಸ್ ಬುಲ್‌ಪೆನ್‌ಗೆ. 2013ರಲ್ಲಿ ಮತ್ತದೇ ತಯಾರಿ, ಆ ಹೊತ್ತಿಗೆ ಕ್ಲೋಸರ್ ಆಗಿರುವುದೇ ಇಷ್ಟ ಅಂತ ಅವನೇ ಹೇಳಿಬಿಟ್ಟ. ಅವನ ಮಟ್ಟಿಗೆ ಸರಿಯಾಗಿಯೇ ಆಯಿತು ಅನ್ನಿ.

ದಾರಿ ತಿರುಗಿ ಬಂದವರೂ ಇದ್ದಾರೆ. ಸೇಂಟ್ ಲೂಯಿಸ್‌ನ ಆಡಮ್ ವೇನ್‌ರೈಟ್ 2006ರ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ಪಡೆದ ಕ್ಲೋಸರ್. ಅಂಥವನನ್ನು ಮರುವರ್ಷವೇ ಸ್ಟಾರ್ಟರ್ ಮಾಡಲು ಕ್ಲಬ್‌ಗೆ ಧೈರ್ಯ ಇತ್ತು, 2023ರಲ್ಲಿ 200 ಗೆಲುವು ಮುಟ್ಟಿದ. ಬೋಸ್ಟನ್ ಇದೇ ಕೆಲಸವನ್ನು 2012ರಲ್ಲಿ ಡೇನಿಯಲ್ ಬಾರ್ಡ್ ಮೇಲೆ ಮಾಡಿದಾಗ ಅವನಿಗೆ ಸ್ಟ್ರೈಕ್ ಎಸೆಯುವುದೇ, ಅಂದರೆ ಚೆಂಡನ್ನು ಸರಿಯಾದ ಜಾಗಕ್ಕೆ ಹಾಕುವುದೇ, ಮರೆತುಹೋಯಿತು. ಮೇಜರ್ ಲೀಗ್‌ನಲ್ಲಿ ಮತ್ತೆ ನೆಲೆಯೂರಲು 2020 ಆಯಿತು. ಆದ್ದರಿಂದ ಸೂತ್ರ ಅಂತ ಏನೂ ಇಲ್ಲ.

ದುಡ್ಡಿನ ಮಾತು ಬೇರೆ ಇದೆ. 2022ರ ಕೊನೆಗೆ ಕ್ಲೋಸರ್ ಎಡ್ವಿನ್ ಡಿಯಾಜ್‌ಗೆ ನ್ಯೂಯಾರ್ಕ್ ಮೆಟ್ಸ್ ಕೊಟ್ಟ 5 ವರ್ಷಕ್ಕೆ 10.2 ಕೋಟಿ ಡಾಲರ್ ಆಗಿನ ಮಟ್ಟಿಗೆ ರಿಲೀವರ್‌ಗಳಲ್ಲೇ ದಾಖಲೆ. ಮರುವರ್ಷ ಜಪಾನಿನ ಸ್ಟಾರ್ಟರ್ ಯೋಶಿನೊಬು ಯಮಾಮೊಟೊಗೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಕೊಟ್ಟಿದ್ದು 12 ವರ್ಷಕ್ಕೆ 32.5 ಕೋಟಿ. ಅವನು ಆಗ ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಎಸೆದಿರಲಿಲ್ಲ. ಇಪ್ಪತ್ತೊಂದರ ಹುಡುಗನಿಗೆ ತಂಡಕ್ಕಾಗಿ ಬುಲ್‌ಪೆನ್‌ಗೆ ಹೋಗಪ್ಪ ಅಂದಾಗ ಅವನ ಜೇಬಿಂದ ಏನು ಹೋಗುತ್ತದೆ ಅಂತ ಈಗ ಅಂದಾಜಾಗಿರಬೇಕು.

ಹುಡುಗರಿಗೂ ಅಂದಾಜಾಗಿದೆ. ಗ್ಯಾರೆಟ್ ಕ್ರೋಶೆಯನ್ನು ನೋಡಿ. ಟೆನೆಸಿ ವಿಶ್ವವಿದ್ಯಾಲಯದಿಂದ 2020ರಲ್ಲಿ ಆರಿಸಿಕೊಂಡ ವೈಟ್ ಸಾಕ್ಸ್, ಮೈನರ್ ಲೀಗ್ ಪಂದ್ಯವನ್ನೇ ಆಡಿಸದೆ ಅದೇ ಸೆಪ್ಟೆಂಬರ್‌ನಲ್ಲಿ ನೇರ ಬುಲ್‌ಪೆನ್‌ಗೆ ತಂದಿತು. ಆಗ ಅವರು ಪ್ಲೇಆಫ್ ರೇಸ್‌ನಲ್ಲಿದ್ದರು. 2022 ಪೂರ್ತಿ ಟಾಮಿ ಜಾನ್ ಸರ್ಜರಿಯಲ್ಲಿ ಹೋಯಿತು. 2024ಕ್ಕೆ ತಂಡ ಎಷ್ಟು ಹಾಳಾಗಿತ್ತು ಅಂದರೆ 121 ಪಂದ್ಯ ಸೋತಿತು. ಕಳೆದುಕೊಳ್ಳಲು ಏನೂ ಇಲ್ಲದಿದ್ದಾಗ ಎಂಟನೇ ಇನ್ನಿಂಗ್ಸ್ ಯಾರಿಗೆ ಬೇಕು? ಒಂದೇ ಒಂದು ಸ್ಟಾರ್ಟ್ ಮಾಡಿರದ ಕ್ರೋಶೆಗೆ ಸೀಸನ್‌ನ ಮೊದಲ ಪಂದ್ಯವನ್ನೇ ಕೊಟ್ಟರು. 32 ಸ್ಟಾರ್ಟ್, 146 ಇನ್ನಿಂಗ್ಸ್, 209 ಸ್ಟ್ರೈಕ್‌ಔಟ್.

ಜುಲೈನಲ್ಲಿ ದೊಡ್ಡ ತಂಡಗಳು ಅವನನ್ನು ಕೊಳ್ಳಲು ಸಾಲು ನಿಂತವು. ಇನ್ನಿಂಗ್ಸ್ ಜಾಸ್ತಿಯಾಗಿದೆ, ಅಕ್ಟೋಬರ್‌ಗೆ ಬುಲ್‌ಪೆನ್‌ನಲ್ಲಿ ಬಳಸೋಣ ಅನ್ನುವ ಲೆಕ್ಕವೂ ಇತ್ತು. ಸ್ಟಾರ್ಟರ್ ಆಗಿಯೇ ಉಳಿಯುತ್ತೇನೆ, ಅಕ್ಟೋಬರ್‌ನಲ್ಲಿ ಎಸೆಯಬೇಕಾದರೆ ಮೊದಲು ದೀರ್ಘ ಒಪ್ಪಂದ ಕೊಡಿ ಅಂತ ಅವನ ಕಡೆಯಿಂದ ಮಾತು ಹೊರಬಂತು. ಸ್ವಾರ್ಥಿ ಅಂತ ಕೆಲವರು ಬೈದರು. ಆ ತಿಂಗಳು ಯಾರೂ ಕೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ ಬೋಸ್ಟನ್ ಕೊಂಡಿತು, ಏಪ್ರಿಲ್‌ಗೆ 6 ವರ್ಷಕ್ಕೆ 17 ಕೋಟಿ ಡಾಲರ್ ಒಪ್ಪಂದ ಆಯಿತು, 2025ರಲ್ಲಿ ಅವನು 200 ಇನ್ನಿಂಗ್ಸ್ ದಾಟಿ 255 ಜನರನ್ನು ಸ್ಟ್ರೈಕ್‌ಔಟ್ ಮಾಡಿದ.