ರಿಪೋರ್ಟ್‌ನಲ್ಲಿ ‘ಫಿಷರ್’ ಅಂತ ಇದ್ದರೆ ಶ್ವಾಸಕೋಶ ಸೀಳಿದೆ ಅಂತಾನಾ?

ಪ್ರಶ್ನೆ: ಕೆಲಸಕ್ಕೆ ಸೇರುವ ಮುಂಚೆ ಮಾಡಿಸಿದ ಎಕ್ಸ್‌ರೇಯಲ್ಲಿ ‘ಮೈನರ್ ಫಿಷರ್ ಕಾಣುತ್ತಿದೆ’ ಅಂತ ಬರೆದಿದ್ದಾರೆ. ಶ್ವಾಸಕೋಶ ಸೀಳಿದೆಯಾ ಮೇಡಂ? ಎಷ್ಟು ದಿನಕ್ಕೆ ಕೂಡಿಕೊಳ್ಳುತ್ತೆ?

ಕೂಡಿಕೊಳ್ಳಬೇಕಾದ್ದೇನೂ ಇಲ್ಲ. ಅದು ನಿಮಗೆ ಹುಟ್ಟಿನಿಂದಲೇ ಇದೆ. ಇದೇ ಉತ್ತರ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ, ಆದರೂ ಸುಮ್ನೆ ಹೆದರಿ ನಿದ್ದೆಗೆಟ್ಟವರನ್ನು ನೋಡಿದ್ದೇನೆ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಈ ಭಯ ಎಲ್ಲಿಂದ ಬರುತ್ತದೆ ಅಂತ ಗೊತ್ತು. ಮೆಜೆಸ್ಟಿಕ್‌ನಿಂದ ಯಾವ ಕಡೆ ಬಸ್ಸು ಹತ್ತಿದರೂ ‘ಪೈಲ್ಸ್, ಫಿಷರ್, ಫಿಸ್ಟುಲಾ’ ಅನ್ನೋ ಬೋರ್ಡು ಕಣ್ಣಿಗೆ ಬೀಳುತ್ತದೆ. ಅಲ್ಲಿ ಫಿಷರ್ ಅಂದರೆ ಗುದದ್ವಾರದಲ್ಲಿ ನಿಜವಾಗಿಯೂ ಹರಿದಿರುವ ಗಾಯ. ನೋವು, ರಕ್ತ ಎಲ್ಲ ಇರುತ್ತದೆ. ಅದೇ ಪದ ಎದೆಯ ರಿಪೋರ್ಟ್‌ನಲ್ಲಿ ಕಂಡರೆ ಗಾಬರಿ ಆಗದೆ ಇರುತ್ತದಾ?

ಶ್ವಾಸಕೋಶದಲ್ಲಿ ಫಿಷರ್ ಅಂದರೆ ಹಾಲೆಗಳ, ಅಂದರೆ ಶ್ವಾಸಕೋಶದ ದೊಡ್ಡ ಭಾಗಗಳ (ಲೋಬ್), ನಡುವಿನ ಸಂದು. ಬಲಗಡೆ ಮೂರು ಹಾಲೆ, ಎರಡು ಸಂದು. ಎಡಗಡೆ ಎರಡು ಹಾಲೆ, ಒಂದೇ ಸಂದು. ಎರಡೂ ಕಡೆ ಇರುವ ಓರೆ ಸಂದು ಬೆನ್ನಿನ ಮೇಲ್ಭಾಗದಿಂದ ಇಳಿದು ಮುಂದೆ 6ನೇ ಪಕ್ಕೆಲುಬಿನ ಹತ್ತಿರ ಮುಗಿಯುತ್ತದೆ. ಕೈಯನ್ನು ತಲೆಯ ಮೇಲೆ ಎತ್ತಿದಾಗ ಹೆಗಲ ಮೂಳೆಯ ಒಳ ಅಂಚು ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ನಿಲ್ಲುತ್ತದೆ. ಇದನ್ನು ತರಗತಿಯಲ್ಲಿ ತೋರಿಸುವುದು ಅಂದರೆ ನನಗೆ ಇವತ್ತಿಗೂ ಖುಷಿ. ನಿಮ್ಮ ‘ಮೈನರ್’ ಬಲಗಡೆ ಮಾತ್ರ ಇರುವ ಅಡ್ಡ ಸಂದು, 4ನೇ ಪಕ್ಕೆಲುಬಿನ ಮಟ್ಟದಲ್ಲಿ. ಓರೆ ಸಂದಿಗಿಂತ ಚಿಕ್ಕದು ಅಂತ ಆ ಹೆಸರು, ‘ಸಣ್ಣ ಬಿರುಕು’ ಅಂತಲ್ಲ.

ಹರಿದ ಬಟ್ಟೆಯ ಅಂಚಿನಲ್ಲಿ ಎಳೆ ಕಿತ್ತು ಬಂದಿರುತ್ತದೆ ಅಲ್ವಾ? ಇಲ್ಲಿ ಹಾಗಿಲ್ಲ. ಶ್ವಾಸಕೋಶವನ್ನು ಸುತ್ತಿರುವ ಪ್ಲೂರಾ ಅನ್ನೋ ತೆಳು ಪೊರೆ ಸಂದಿನೊಳಗೂ ಇಳಿದು ಎರಡೂ ಗೋಡೆಗೆ ಅಂಟಿಕೊಂಡಿರುತ್ತದೆ. ಎಕ್ಸ್‌ರೇಯಲ್ಲಿ ಕೂದಲೆಳೆಯಂತೆ ಕಾಣುವ ಬಿಳಿ ಗೆರೆ ಈ ಎರಡು ಪದರಗಳದ್ದೇ. ನಂಬಿಕೆ ಬರದಿದ್ದರೆ ಭಾನುವಾರ ಮಟನ್ ಅಂಗಡಿಯಲ್ಲಿ ಮೇಕೆಯ ಇಡೀ ಶ್ವಾಸಕೋಶ ಕೇಳಿ ನೋಡಿ. ಹಾಲೆಗಳ ಲೆಕ್ಕ ನಮ್ಮಂತಿಲ್ಲ, ಆದರೆ ಸಂದಿನಲ್ಲಿ ಬೆರಳು ತೂರಿಸಿದರೆ ಒಳಗೂ ಹೊರಗಿನಷ್ಟೇ ನುಣುಪು, ಅದೇ ಹೊಳಪು. ಹರಿದ ಜಾಗ ಹೀಗಿರುತ್ತದಾ? ಉಸಿರೆಳೆದಾಗ ಹಾಲೆಗಳು ಒಂದರ ಪಕ್ಕ ಒಂದು ಜಾರಲು ಈ ನುಣುಪು ಬೇಕು.

‘ಫಿಷರ್ ದಪ್ಪಗಾಗಿದೆ’ ಅಂತ ಇದ್ದರೆ ಡಾಕ್ಟರಿಗೆ ತೋರಿಸಿ. ಅಲ್ಲಿ ನೀರು ಸೇರಿರಬಹುದು, ಹಳೆಯ ಸೋಂಕಿನ ಕಲೆಯೂ ಇರಬಹುದು. ‘ಅಪೂರ್ಣ’ ಅಂತ ಇದ್ದರೆ ಚಿಂತೆ ಬೇಡ, ಬಹಳ ಜನರಲ್ಲಿ ಸಂದು ಪೂರ್ತಿ ಆಳಕ್ಕೆ ಹೋಗಿರುವುದಿಲ್ಲ.

ಇನ್ನೊಂದು ಇದೆ, ಯಾರೂ ಕೇಳಿಲ್ಲ, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. ನೂರಕ್ಕೆ ಒಬ್ಬರಿಗೋ, ಅದಕ್ಕಿಂತ ಕಡಿಮೆ ಜನಕ್ಕೋ, ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಜಾಸ್ತಿ ಒಂದು ಸಂದು ಇರುತ್ತದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಅಜೈಗಸ್ ಅನ್ನೋ ರಕ್ತನಾಳ ಆ ತುದಿಯನ್ನು ಬಳಸಿ ಹೋಗುವ ಬದಲು ನಡುವೆಯೇ ಇಳಿದುಬಿಡುತ್ತದೆ, ಇಳಿಯುವಾಗ ಪೊರೆಯನ್ನೂ ಎಳೆದುಕೊಂಡು ಬರುತ್ತದೆ. ಹಾಗಾಗಿ ಅಲ್ಲಿ ಎರಡಲ್ಲ, ನಾಲ್ಕು ಪದರ. ಎಕ್ಸ್‌ರೇಯಲ್ಲಿ ಬಾಗಿದ ಒಂದು ಸಣ್ಣ ಗೆರೆ ಕಾಣುತ್ತದೆ, ಅದರ ಕೆಳತುದಿಯಲ್ಲಿ ನೀರಿನ ಹನಿಯಂತೆ ಆ ರಕ್ತನಾಳ.